ದತ್ತು ತಂದ ನಾಯಿಗೆ ಹಾರ್ಟ್‌ವರ್ಮ್ ಅಂದರು, ಈಗ ಏನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾ ಸುತ್ತಮುತ್ತಲಿನ ಕನ್ನಡದ ಮನೆಗಳಿಂದ ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಫೋನಿನಲ್ಲಿ, ಮೇಲ್‌ನಲ್ಲಿ, ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಾಗಲೂ. ಶೆಲ್ಟರ್‌ನಿಂದ ನಾಯಿ ತಂದಿರುತ್ತಾರೆ. ಮೊದಲ ಸಲ ವೆಟ್ ಹತ್ತಿರ ಕರೆದುಕೊಂಡು ಹೋಗಿ 'ಹಾರ್ಟ್‌ವರ್ಮ್ ಪಾಸಿಟಿವ್' ಅಂತ ಹೇಳಿಸಿಕೊಂಡು ಬಂದಿರುತ್ತಾರೆ. ನಾನು ವೆಟ್ ಅಲ್ಲ. ಇಂಥ ನಾಯಿಗಳನ್ನು ಚಿಕಿತ್ಸೆ ಮುಗಿಯುವ ತನಕ ಮನೆಯಲ್ಲಿಟ್ಟುಕೊಂಡು ನೋಡಿಕೊಂಡ ಅನುಭವ ಇದೆ, ಅಷ್ಟೆ. ಔಷಧಿ ಎಷ್ಟು, ಯಾವ ದಿನ ಅನ್ನುವುದನ್ನು ನಿಮ್ಮ ವೆಟ್ಟೇ ಹೇಳಬೇಕು. ಹೆಚ್ಚಿನ ಉತ್ತರಗಳು ಅಮೆರಿಕದ ಪರಿಸ್ಥಿತಿಗೆ ಸೇರಿದವು. ಊರಿನ ಕಡೆಯ ಪ್ರಶ್ನೆಗಳು ಕೊನೆಯಲ್ಲಿವೆ.

## ಮೊದಲ ವಾರದ ಗಾಬರಿ

ನಾಯಿ ಚೆನ್ನಾಗಿ ತಿನ್ನುತ್ತೆ, ಓಡುತ್ತೆ, ಆಡುತ್ತೆ. ನಿಜವಾಗಿಯೂ ಹುಳ ಇದೆಯಾ?

ಇರಬಹುದು. ಶುರುವಿನಲ್ಲಿ ಬಹಳಷ್ಟು ನಾಯಿಗಳು ಹೀಗೇ ಇರುತ್ತವೆ. ಹೆಸರು ಹಾರ್ಟ್‌ವರ್ಮ್ ಆದರೂ ಈ ಹುಳ ಹೆಚ್ಚಾಗಿ ಇರುವುದು ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ. ಹೆಣ್ಣು ಹುಳ ಸುಮಾರು ಒಂದು ಅಡಿ ಉದ್ದ ಬೆಳೆಯುತ್ತದೆ. ನಾಯಿಯೊಳಗೆ 5ರಿಂದ 7 ವರ್ಷ ಬದುಕುತ್ತದೆ. ನಾಳದ ಒಳಗೋಡೆ ನಿಧಾನಕ್ಕೆ ಹಾಳಾಗುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೆಮ್ಮು, ಬೇಗ ಸುಸ್ತಾಗುವುದು, ತೂಕ ಇಳಿಯುವುದು ಎಲ್ಲ ಆಮೇಲೆ.

ಲಕ್ಷಣ ಇಲ್ಲದಾಗಲೇ ಗೊತ್ತಾಗಿದ್ದು ಒಳ್ಳೆಯದೇ. ಆದರೆ ಚಿಕಿತ್ಸೆ ಉದ್ದಕ್ಕೂ ನಿಮಗೆ ಕಷ್ಟ ಕೊಡುವುದೂ ಇದೇ. ತನಗೆ ಕಾಯಿಲೆ ಅಂತ ನಾಯಿಗೆ ಗೊತ್ತಿಲ್ಲ. ಅದಕ್ಕೆ ಓಡಬೇಕು.

ಈ ಹುಳ ಎಲ್ಲಿಂದ ಬಂತು? ಶೆಲ್ಟರ್ ಗಲೀಜಾಗಿತ್ತಾ?

ಶೆಲ್ಟರ್‌ನ ಗಲೀಜಿಗೂ ಇದಕ್ಕೂ ಸಂಬಂಧ ಇಲ್ಲ. ಸೊಳ್ಳೆ ಕಚ್ಚಿ ಬಂದಿದ್ದು. ಹುಳ ಇರುವ ನಾಯಿಯನ್ನು ಸೊಳ್ಳೆ ಕಚ್ಚಿದಾಗ ರಕ್ತದಲ್ಲಿರುವ ಮರಿಗಳು, ಅಂದರೆ ಮೈಕ್ರೋಫಿಲೇರಿಯಾ, ಸೊಳ್ಳೆಯ ಹೊಟ್ಟೆ ಸೇರುತ್ತವೆ. ಸೆಖೆಗಾಲದಲ್ಲಿ ಎರಡು ವಾರದೊಳಗೆ ಅವು ಅಂಟುವ ಹಂತಕ್ಕೆ ಬೆಳೆಯುತ್ತವೆ. ಆ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದರೆ ಅಲ್ಲಿಗೆ ದಾಟುತ್ತವೆ. ಊರಲ್ಲಿ ಕಲಬುರಗಿ, ಬೀದರ್ ಕಡೆಯವರಿಗೆ ಆನೆಕಾಲು ರೋಗ ಗೊತ್ತಿರುತ್ತದೆ. ಇದು ಅದೇ ಬಳಗದ ಹುಳ, ದಾಟುವ ದಾರಿಯೂ ಅದೇ.

ಅಮೆರಿಕದ 50 ರಾಜ್ಯಗಳಲ್ಲೂ ಇದು ಕಂಡುಬಂದಿದೆ. ಟೆಕ್ಸಾಸ್, ಲೂಸಿಯಾನಾ, ಮಿಸಿಸಿಪಿ, ಅಲಬಾಮಾ ಕಡೆ ತುಂಬಾ ಜಾಸ್ತಿ. ಹಿತ್ತಲಲ್ಲಿ ಬೆಳೆದ, ಈ ಹುಳ ತಡೆಯಲು ಕೊಡುವ ತಿಂಗಳ ಮಾತ್ರೆ ಕಾಣದ ನಾಯಿಗೆ ಅಲ್ಲಿ ಹಾರ್ಟ್‌ವರ್ಮ್ ಇರುವುದು ಅಪರೂಪವೇ ಅಲ್ಲ. 2005ರ ಕಟ್ರೀನಾ ಚಂಡಮಾರುತದ ನಂತರ ಅಲ್ಲಿನ ನಾಯಿಗಳನ್ನು ದೇಶದ ಎಲ್ಲ ಕಡೆ ಕಳಿಸಿದಾಗ ಹುಳವೂ ಜೊತೆಗೆ ಹೋಯಿತು. ಈಗಲೂ ದಕ್ಷಿಣದ ಶೆಲ್ಟರ್‌ಗಳಿಂದ ಉತ್ತರಕ್ಕೆ ವ್ಯಾನ್‌ಗಟ್ಟಲೆ ನಾಯಿಗಳು ಹೋಗುತ್ತಿರುತ್ತವೆ. ಹಾಗಾಗಿ ನ್ಯೂಜೆರ್ಸಿಯಲ್ಲಿ ದತ್ತು ಪಡೆದವರಿಗೂ ಈ ಸುದ್ದಿ ಬರಬಹುದು.

ಊರಿಂದ ಅಮ್ಮ ಬಂದಿದ್ದಾರೆ. ಮಕ್ಕಳಿಗೆ ಹುಳ ಅಂಟುತ್ತೆ, ನಾಯಿ ಮುಟ್ಟಬೇಡಿ ಅಂತಾರೆ. ಹೌದಾ?

ನಾಯಿಯಿಂದ ಮಕ್ಕಳಿಗೆ ನೇರವಾಗಿ ಅಂಟುವುದಿಲ್ಲ. ನೆಕ್ಕಿದರೂ, ಒಟ್ಟಿಗೆ ಮಲಗಿದರೂ, ಕಕ್ಕ ಎತ್ತಿದರೂ ಬರುವುದಿಲ್ಲ. ಮಧ್ಯೆ ಸೊಳ್ಳೆ ಬೇಕೇ ಬೇಕು. ಸೊಳ್ಳೆಯಿಂದ ಮನುಷ್ಯರ ಮೈಗೆ ಬಂದರೂ ಹುಳ ಪೂರ್ತಿ ಬೆಳೆಯುವುದಿಲ್ಲ, ಸಾಯುತ್ತದೆ. ತುಂಬಾ ಅಪರೂಪಕ್ಕೆ ಸತ್ತ ಹುಳ ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟಾಗಿ ಉಳಿದು ಎಕ್ಸ್‌ರೇಯಲ್ಲಿ ಕಾಣುವುದುಂಟು.

ಅಮ್ಮ ಹೇಳುತ್ತಿರುವುದು ಬಹುಶಃ ಕರುಳಿನ ಜಂತುಹುಳದ ಬಗ್ಗೆ. ಅದು ನಾಯಿಯಿಂದ ಮಕ್ಕಳಿಗೆ ಬರಬಹುದು. ಅವರ ಮಾತು ತೆಗೆದುಹಾಕಬೇಡಿ. ಕೈ ತೊಳೆಸಿ, ಜಂತಿನ ಔಷಧಿ ಹಾಕಿಸಿ.

ಮನೆಯಲ್ಲಿ ಇನ್ನೊಂದು ನಾಯಿ, ಒಂದು ಬೆಕ್ಕು ಇದೆ. ಬೇರೆ ಬೇರೆ ಇಡಬೇಕಾ?

ಸೋಂಕಿನ ಭಯಕ್ಕೆ ಬೇರೆ ಇಡಬೇಕಾಗಿಲ್ಲ. ಆದರೆ ಆ ನಾಯಿಗೂ ಟೆಸ್ಟ್ ಮಾಡಿಸಿ, ತಪ್ಪದೆ ತಿಂಗಳ ಮಾತ್ರೆ ಕೊಡಿ. ಬೆಕ್ಕಿಗೂ ತಡೆ ಔಷಧಿ ಕೇಳಿ. ಬೆಕ್ಕಿಗೆ ಹುಳ ಬರುವುದು ಕಡಿಮೆ, ಬಂದರೆ ಮಾತ್ರ ನಾಯಿಗೆ ಕೊಡುವ ಇಂಜೆಕ್ಷನ್ ಅದಕ್ಕೆ ಕೊಡುವಂತಿಲ್ಲ. ಎರಡೂ ನಾಯಿ ಸೇರಿ ಕುಸ್ತಿ ಆಡುತ್ತವೆ ಅಂದರೆ ಬೇರೆ ಇಡಲೇಬೇಕು. ಅದು ವಿಶ್ರಾಂತಿಗಾಗಿ.

ವಾಪಸ್ ಕೊಟ್ಟುಬಿಡೋದೇ ಒಳ್ಳೇದಾ? ಹೇಳೋಕೆ ನಾಚಿಕೆ ಆಗುತ್ತೆ.

ನಾಚಿಕೆ ಪಡುವ ಪ್ರಶ್ನೆ ಅಲ್ಲ ಇದು. ಕೆಲವು ತಿಂಗಳು ದಿನಾ ಗಮನ ಕೊಡುವ ಒಬ್ಬರು ಮನೆಯಲ್ಲಿ ಇದ್ದಾರಾ? ಮುಂದಿನ ತಿಂಗಳು ಹೆರಿಗೆ, ಮನೆ ಬದಲಾವಣೆ ಏನಾದರೂ ಇದೆಯಾ? ಇದನ್ನು ಕೂತು ಲೆಕ್ಕ ಹಾಕಿ. ಆಮೇಲೆ ಮೊದಲು ಶೆಲ್ಟರ್‌ಗೇ ಫೋನ್ ಮಾಡಿ. ಚಿಕಿತ್ಸೆಯ ಖರ್ಚನ್ನು ತಾವೇ ಕೊಡುವ ಶೆಲ್ಟರ್, ರೆಸ್ಕ್ಯೂ ಗುಂಪುಗಳು ಬೇಕಾದಷ್ಟಿವೆ. ಗುಣ ಆಗುವ ತನಕ 'ಫಾಸ್ಟರ್' ಅಂತ ಇಟ್ಟುಕೊಂಡು ಆಮೇಲೆ ದತ್ತು ಪಡೆಯುವ ಏರ್ಪಾಡೂ ಇರುತ್ತದೆ. ಬರೀ 'ಹೃದಯದಲ್ಲಿ ಹುಳ' ಅನ್ನುವ ಮಾತಿಗೆ ಹೆದರಿ ವಾಪಸ್ ಮಾಡಬೇಡಿ. ಹೆಚ್ಚಿನ ನಾಯಿಗಳು ಗುಣವಾಗುತ್ತವೆ.

## ಟೆಸ್ಟು, ಹಂತ

ದತ್ತು ಪಡೆದಾಗ ನೆಗೆಟಿವ್ ಅಂತ ಕಾಗದ ಕೊಟ್ಟಿದ್ರು. ಆರು ತಿಂಗಳಿಗೆ ಪಾಸಿಟಿವ್. ಯಾರು ಸುಳ್ಳು ಹೇಳಿದ್ದು?

ಯಾರೂ ಹೇಳಿಲ್ಲ ಅನ್ನಿಸುತ್ತದೆ. ಸಾಮಾನ್ಯ ಟೆಸ್ಟ್ ಹಿಡಿಯುವುದು ಬೆಳೆದ ಹೆಣ್ಣು ಹುಳದಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನನ್ನು (ಆಂಟಿಜೆನ್). ಸೊಳ್ಳೆ ಕಚ್ಚಿದ ಮೇಲೆ ಹುಳ ಆ ಮಟ್ಟಕ್ಕೆ ಬೆಳೆಯಲು ಐದಾರು ತಿಂಗಳು ಬೇಕು. ಅಲ್ಲಿಯ ತನಕ ಒಳಗೆ ಹುಳ ಇದ್ದರೂ ಟೆಸ್ಟ್ ನೆಗೆಟಿವ್. ಬರೀ ಗಂಡು ಹುಳ ಇದ್ದರೂ ನೆಗೆಟಿವ್. ಅದಕ್ಕೇ ದತ್ತು ಪಡೆದಾಗ ಒಮ್ಮೆ, ಆರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ ಅನ್ನುವುದು. ಏಳು ತಿಂಗಳೊಳಗಿನ ಮರಿಗೆ ಟೆಸ್ಟ್ ಮಾಡಿ ಏನೂ ಗೊತ್ತಾಗುವುದಿಲ್ಲ.

ಪಾಸಿಟಿವ್ ಬಂದ ಮೇಲೂ ಎಕ್ಸ್‌ರೇ, ಮತ್ತೆ ರಕ್ತ ಅಂತ ಕೇಳ್ತಾರೆ. ದುಡ್ಡು ಮಾಡೋಕಾ?

ಒಂದು ಕ್ಲಿನಿಕ್ ಟೆಸ್ಟ್ ಮೇಲೆ ಮಾತ್ರ ನಂಬಿಕೆ ಇಟ್ಟು ಇಷ್ಟು ದೊಡ್ಡ ಚಿಕಿತ್ಸೆ ಶುರು ಮಾಡುವುದು ಸರಿಯಲ್ಲ. ಇನ್ನೊಂದು ಬಗೆಯ ಟೆಸ್ಟಿನಿಂದ ಖಚಿತ ಮಾಡಿಕೊಳ್ಳುತ್ತಾರೆ. ರಕ್ತದಲ್ಲಿ ಮರಿಗಳಿವೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮರಿಗಳು ತುಂಬಾ ಇದ್ದರೆ ತಿಂಗಳ ತಡೆ ಔಷಧಿಯ ಮೊದಲ ಡೋಸ್ ಕೊಟ್ಟಾಗ ಅವು ಒಮ್ಮೆಲೇ ಸತ್ತು ನಾಯಿಗೆ ಅಲರ್ಜಿಯಂತೆ ಆಗಬಹುದು, ಆದ್ದರಿಂದ ಮೊದಲೇ ಗೊತ್ತಿರಬೇಕು. ಎಕ್ಸ್‌ರೇ ಶ್ವಾಸಕೋಶ, ನಾಳ ಎಷ್ಟು ಕೆಟ್ಟಿವೆ ಅಂತ ತೋರಿಸುತ್ತದೆ. ಎಷ್ಟು ಹುಳ ಅಂತ ಎಣಿಸುವ ಟೆಸ್ಟ್ ಇಲ್ಲ.

ಇವೆಲ್ಲ ನೋಡಿ ಒಂದರಿಂದ ನಾಲ್ಕರವರೆಗೆ ಹಂತ ಹೇಳುತ್ತಾರೆ. ಒಂದು ಅಂದರೆ ಲಕ್ಷಣವೇ ಇಲ್ಲ, ಇಲ್ಲವೇ ಆಗಾಗ ಸ್ವಲ್ಪ ಕೆಮ್ಮು. ಎರಡರಲ್ಲಿ ಕೆಮ್ಮು ಬಿಡುವುದಿಲ್ಲ, ನಡೆದರೆ ಸುಸ್ತು. ಮೂರು ಅಂದರೆ ನೋಡಿದ ಕೂಡಲೇ ಕಾಯಿಲೆ ನಾಯಿ ಅಂತ ಗೊತ್ತಾಗುತ್ತದೆ. ನಾಲ್ಕರಲ್ಲಿ ಹುಳಗಳು ಹೃದಯದ ಒಳಕ್ಕೇ ಸೇರಿ ರಕ್ತದ ಓಟ ಕಟ್ಟುತ್ತವೆ. ಆಗ ಕುತ್ತಿಗೆಯ ನಾಳದ ಮೂಲಕ ಹುಳಗಳನ್ನು ಹಿಡಿದು ಹೊರಗೆಳೆಯುವ ಆಪರೇಷನ್ ಬಿಟ್ಟರೆ ಬೇರೆ ದಾರಿ ಇಲ್ಲ. ಅದೂ ಎಲ್ಲ ನಾಯಿಯನ್ನೂ ಉಳಿಸುವುದಿಲ್ಲ.

## ಚಿಕಿತ್ಸೆ

ಹುಳ ಇದೆ ಅಂತ ಗೊತ್ತಾಯ್ತು. ಇವತ್ತೇ ಇಂಜೆಕ್ಷನ್ ಕೊಟ್ಟು ಸಾಯಿಸಬಾರದಾ? ಎರಡು ತಿಂಗಳು ಯಾಕೆ ಕಾಯಿಸ್ತಾರೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಸತ್ತ ಹುಳ ಮೈಯಿಂದ ಹೊರಗೆ ಹೋಗುವುದಿಲ್ಲ. ಜಂತುಹುಳದ ಹಾಗೆ ಕಕ್ಕದಲ್ಲಿ ಬೀಳುವುದಿಲ್ಲ. ರಕ್ತನಾಳದಲ್ಲೇ ಕೊಳೆತು, ತುಂಡಾಗಿ, ರಕ್ತದ ಜೊತೆ ಶ್ವಾಸಕೋಶದ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ದೇಹ ಅದನ್ನು ನಿಧಾನಕ್ಕೆ ಕರಗಿಸಬೇಕು. ಎಲ್ಲ ಹುಳ ಒಟ್ಟಿಗೆ ಸತ್ತರೆ ಅಷ್ಟೂ ತುಂಡು ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ನಾಯಿಗೆ ಅಪಾಯ ಬರುವುದು ಇಲ್ಲಿಂದ. ಹಾಗಾಗಿ ಮೊದಲು ಹುಳಗಳನ್ನು ಬಲಹೀನ ಮಾಡಿ, ಆಮೇಲೆ ಕಂತು ಕಂತಾಗಿ ಸಾಯಿಸುತ್ತಾರೆ.

ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ಹೇಳುವ ಕ್ರಮ ಹೀಗಿದೆ. ಗೊತ್ತಾದ ದಿನದಿಂದಲೇ ಓಟ ಬಂದ್. ತಿಂಗಳ ತಡೆ ಔಷಧಿ ಶುರು, ಹೊಸ ಹುಳ ಸೇರಬಾರದಲ್ಲ. ಜೊತೆಗೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ (ಡಾಕ್ಸಿ) ಅನ್ನುವ ಆಂಟಿಬಯೋಟಿಕ್ ಮಾತ್ರೆ. ಹುಳದ ಒಳಗೇ ವೋಲ್ಬೇಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಅದಿಲ್ಲದೆ ಹುಳಕ್ಕೆ ಬಾಳಿಲ್ಲ. ಡಾಕ್ಸಿ ಕೊಲ್ಲುವುದು ಆ ಬ್ಯಾಕ್ಟೀರಿಯಾವನ್ನು. ಹುಳ ಸತ್ತಾಗ ಅದೇ ಬ್ಯಾಕ್ಟೀರಿಯಾ ಹೊರಬಿದ್ದು ಉರಿಯೂತ ಜಾಸ್ತಿ ಮಾಡುತ್ತದೆ, ಅದೂ ಕಡಿಮೆಯಾಗುತ್ತದೆ. ಆಮೇಲೆ ಒಂದು ತಿಂಗಳು ಸುಮ್ನೆ ಕಾಯುವುದು. ಹುಳ ಸೊರಗಲಿ ಅಂತ, ಮತ್ತು ಎಳೆಯ ಹುಳಗಳು ಇಂಜೆಕ್ಷನ್‌ಗೆ ಸಾಯುವಷ್ಟು ಬೆಳೆಯಲಿ ಅಂತ. ಎರಡು ತಿಂಗಳಾದ ಮೇಲೆ ಬೆಳೆದ ಹುಳ ಕೊಲ್ಲುವ ಮೆಲಾರ್ಸೊಮಿನ್‌ನ ಮೊದಲ ಇಂಜೆಕ್ಷನ್. ಇನ್ನೊಂದು ತಿಂಗಳಿಗೆ ಎರಡನೆಯದು, ಅದರ ಮರುದಿನವೇ ಮೂರನೆಯದು.

ಹಿಂದೆ ಎರಡೇ ಇಂಜೆಕ್ಷನ್ ಕೊಡುತ್ತಿದ್ದರು, ಸುಮಾರು 90% ಹುಳ ಸಾಯುತ್ತಿತ್ತು. ಮೂರರಲ್ಲಿ 98% ಸಾಯುತ್ತದೆ. ಎರಡೇ ಸಾಕು ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ.

ಮೆಲಾರ್ಸೊಮಿನ್ ಅಂದ್ರೆ ಆರ್ಸೆನಿಕ್ ಅಂತೆ! ವಿಷ ಹಾಕಿಸೋದಾ?

ಆರ್ಸೆನಿಕ್ ಇರುವ ಔಷಧಿ ಅನ್ನುವುದು ನಿಜ. ಬೆಳೆದ ಹುಳ ಕೊಲ್ಲಲು ಅಮೆರಿಕದಲ್ಲಿ ಅನುಮತಿ ಇರುವ ಔಷಧಿ ಇದೊಂದೇ. 1990ರ ದಶಕದ ನಡುವಿನಿಂದ ಬಳಕೆಯಲ್ಲಿದೆ. ಸೊಂಟದ ಬಳಿ, ಬೆನ್ನಿನ ಸ್ನಾಯುವಿಗೆ ಆಳವಾಗಿ ಚುಚ್ಚುತ್ತಾರೆ. ನೋಯುತ್ತದೆ. ಒಂದೆರಡು ದಿನ ನಾಯಿ ಕುಂಟಬಹುದು, ಬೆನ್ನು ಮುಟ್ಟಿದರೆ ಕಿರುಚಬಹುದು, ಊತ ಬರಬಹುದು. ನೋವಿಗೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮ ಹತ್ತಿರ ಇರುವ ನೋವಿನ ಮಾತ್ರೆ, ಆಸ್ಪಿರಿನ್ ಕೊಡಬೇಡಿ. ಈ ಚಿಕಿತ್ಸೆಯಲ್ಲಿ ಉರಿಯೂತ ಇಳಿಸಲು ಕೊಡುವ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಜೊತೆ ಅವು ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಡಾಕ್ಸಿ ಮಾತ್ರೆ ಉಗುಳುತ್ತೆ. ಮೊಸರನ್ನದಲ್ಲಿ ಇಟ್ಟು ಕೊಡಬಹುದಾ?

ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಮೊಸರನ್ನವೇ ಉಪಾಯ, ಅಲ್ವಾ. ಈ ಒಂದು ಮಾತ್ರೆಗೆ ಬೇಡ. ಹಾಲು, ಮೊಸರಿನ ಕ್ಯಾಲ್ಸಿಯಂ ಇದನ್ನು ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ. ಬರೀ ಅನ್ನಕ್ಕೆ ಬೇಯಿಸಿದ ಕೋಳಿ ಕಲಸಿ ಕೊಡಿ. ಮಾಂಸ ತರದ ಮನೆಯಾದರೆ ಬೇಯಿಸಿದ ಸಿಹಿಗುಂಬಳ, ಗೆಣಸು ನಡೆಯುತ್ತದೆ. ಪೀನಟ್ ಬಟರ್ ಆದರೆ ಡಬ್ಬಿ ಮೇಲೆ ಜೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇದೆಯಾ ನೋಡಿ, ಅದು ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ, ಪಲ್ಯ ಬೇಡ.

ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ನುಂಗಿದ ಮೇಲೆ ಸ್ವಲ್ಪ ನೀರೋ ಊಟವೋ ಹೋಗಬೇಕು, ಇಲ್ಲವಾದರೆ ಮಾತ್ರೆ ಅನ್ನನಾಳದಲ್ಲೇ ನಿಂತು ಸುಡುತ್ತದೆ. ಆದರೂ ತಡೆಯಲ್ಲ ಅಂದರೆ ಮಿನೋಸೈಕ್ಲಿನ್‌ಗೆ ಬದಲಿಸುವ ದಾರಿ ಇದೆ, ವೆಟ್ ಜೊತೆ ಮಾತಾಡಿ. ನೀವೇ ನಿಲ್ಲಿಸಬೇಡಿ.

ಇಂಜೆಕ್ಷನ್ ಇಲ್ಲದೆ ಬರೀ ಮಾತ್ರೆಯಲ್ಲೇ ಆಗುತ್ತೆ ಅಂದ್ರು ಒಬ್ಬರು. ಅಗ್ಗ ಬೇರೆ.

ಮಾಕ್ಸಿಡೆಕ್ಟಿನ್ ಅನ್ನುವ ತಡೆ ಔಷಧಿ ಮತ್ತು ಡಾಕ್ಸಿ ಸೇರಿಸಿ ಕೊಡುವ ಕ್ರಮ ಒಂದಿದೆ. 'ಮಾಕ್ಸಿ-ಡಾಕ್ಸಿ' ಅಂತಾರೆ. ಒಂದು ತಿಂಗಳು ಡಾಕ್ಸಿ, ತಿಂಗಳು ತಿಂಗಳು ಮಾಕ್ಸಿಡೆಕ್ಟಿನ್, ಟೆಸ್ಟ್ ನೆಗೆಟಿವ್ ಬರುವ ತನಕ. ಹುಳಗಳು ನಿಧಾನಕ್ಕೆ ಸಾಯುತ್ತವೆ. ವರ್ಷವೋ ಇನ್ನೂ ಜಾಸ್ತಿಯೋ ಹಿಡಿಯಬಹುದು. ಅಷ್ಟೂ ದಿನ ಬದುಕಿರುವ ಹುಳ ನಾಳ ಕೆಡಿಸುತ್ತಲೇ ಇರುತ್ತದೆ, ನಾಯಿಯನ್ನು ಅಷ್ಟೂ ದಿನ ಓಡಲು ಬಿಡುವಂತಿಲ್ಲ. ಮೆಲಾರ್ಸೊಮಿನ್ ಸಿಗದಿದ್ದಾಗ, ನಾಯಿಯ ಮೈಗೆ ಆಗದಿದ್ದಾಗ, ದುಡ್ಡು ನಿಜವಾಗಿಯೂ ಇಲ್ಲದಿದ್ದಾಗ ಇದು ಒಪ್ಪುವ ದಾರಿ. ಏನೂ ಮಾಡದೇ ಇರುವುದಕ್ಕಿಂತ ಎಷ್ಟೋ ಮೇಲು. ಆದರೆ ಎರಡು ವರ್ಷದ ಲ್ಯಾಬ್ರಡಾರ್ ಮಿಶ್ರ ತಳಿಯ ನಾಯಿಯನ್ನು ವರ್ಷಗಟ್ಟಲೆ ಸುಮ್ನೆ ಕೂರಿಸುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ಕೈಲಾದರೆ ಇಂಜೆಕ್ಷನ್ ದಾರಿಯೇ ವಾಸಿ.

ಬೇವು, ಅರಿಶಿನ, ಪಪಾಯ ಬೀಜ, ಬೆಳ್ಳುಳ್ಳಿ?

ಯಾವುದೂ ಈ ಹುಳವನ್ನು ಕೊಲ್ಲುವುದಿಲ್ಲ. ಬೆಳ್ಳುಳ್ಳಿಯಂತೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ.

ಖರ್ಚು ಎಷ್ಟು? ಇನ್ಶೂರೆನ್ಸ್ ಕೊಡುತ್ತಾ?

ನಾಯಿಯ ತೂಕ, ಊರು, ಕ್ಲಿನಿಕ್ ಮೇಲೆ ಹೋಗುತ್ತದೆ. ಟೆಸ್ಟು, ಎಕ್ಸ್‌ರೇ ಎಲ್ಲ ಸೇರಿ ಸಾವಿರ ಡಾಲರ್ ದಾಟುವುದು ಮಾಮೂಲು. ದೊಡ್ಡ ನಾಯಿಗೆ ಔಷಧಿ ಜಾಸ್ತಿ ಬೇಕು. ಕಾಯಿಲೆ ಗೊತ್ತಾದ ಮೇಲೆ ಮಾಡಿಸಿದ ಇನ್ಶೂರೆನ್ಸ್ ಇದಕ್ಕೆ ಬರುವುದಿಲ್ಲ. ಎರಡು ಮೂರು ಕಡೆ ಬರೆದ ಅಂದಾಜು ಪಟ್ಟಿ ಕೇಳಿ. ಸಣ್ಣ ಊರಿನ ಕ್ಲಿನಿಕ್, ಶೆಲ್ಟರ್‌ಗಳೇ ನಡೆಸುವ ಕ್ಲಿನಿಕ್‌ಗಳಲ್ಲಿ ಒಳ್ಳೇ ವ್ಯತ್ಯಾಸ ಕಾಣಿಸುತ್ತದೆ.

## ಮನೆಯೊಳಗಿನ ತಿಂಗಳುಗಳು

ಸುಮ್ನೆ ಕೂರಿಸಿ ಅಂತಾರೆ. ಎರಡು ವರ್ಷದ ನಾಯಿ ಸುಮ್ನೆ ಕೂರುತ್ತಾ?

ಕೂರುವುದಿಲ್ಲ. ಆದರೆ ಔಷಧಿಯಷ್ಟೇ ಮುಖ್ಯವಾದ ಭಾಗ ಇದು, ಪೂರ್ತಿ ನಿಮ್ಮ ಕೈಯಲ್ಲಿರುವುದು ಇದೊಂದೇ. ಓಡಿದಾಗ ಹೃದಯ ಜೋರಾಗಿ ಬಡಿಯುತ್ತದೆ, ರಕ್ತದ ರಭಸಕ್ಕೆ ಹುಳದ ತುಂಡುಗಳು ಮುಂದಕ್ಕೆ ತಳ್ಳಿಸಿಕೊಂಡು ಹೋಗುತ್ತವೆ. ಗೊತ್ತಾದ ದಿನದಿಂದ ಹಿಡಿದು ಕೊನೆಯ ಇಂಜೆಕ್ಷನ್ ಆಗಿ ಆರರಿಂದ ಎಂಟು ವಾರದ ತನಕ ಈ ಪಥ್ಯ. ಇಂಜೆಕ್ಷನ್ ಶುರುವಾದ ಮೇಲೆ ಇನ್ನೂ ಕಟ್ಟುನಿಟ್ಟು.

ಕ್ರೇಟ್, ಇಲ್ಲವೇ ಮಕ್ಕಳ ಗೇಟ್ ಹಾಕಿದ ಸಣ್ಣ ಕೋಣೆ. ಹೊರಗೆ ಹೋಗುವುದು ಉಚ್ಚೆ, ಕಕ್ಕಕ್ಕೆ ಮಾತ್ರ, ಸಣ್ಣ ಹಗ್ಗ ಹಿಡಿದೇ. ಬೇಲಿ ಹಾಕಿದ ಸ್ವಂತ ಹಿತ್ತಲೇ ಆದರೂ ಬಿಡಬೇಡಿ. ಒಂದು ಅಳಿಲು ಸಾಕು. ಮೆಟ್ಟಿಲು ಬೇಡ, ಸೋಫಾ ಹತ್ತಿ ಇಳಿಯುವುದು ಬೇಡ. ಮಹಡಿ ಮನೆಯವರು ಸಣ್ಣ ನಾಯಿಯನ್ನು ಎತ್ತಿಕೊಂಡೇ ಇಳಿಯಿರಿ.

ನಮ್ಮವರ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಅತಿಥಿಗಳು. ವಾರಾಂತ್ಯ ಬಂದರೆ ಬೆಲ್ ಬಾರಿಸುತ್ತಲೇ ಇರುತ್ತದೆ. ಬರುವವರಿಗೆ ಮೊದಲೇ ಹೇಳಿ: ಬೆಲ್ ಬೇಡ, ಫೋನ್ ಮಾಡಿ, ನಾಯಿಯನ್ನು ಮಾತಾಡಿಸಬೇಡಿ. ವರಮಹಾಲಕ್ಷ್ಮಿಗೆ ಮೂವತ್ತು ಜನ ಬರುತ್ತಾರೆ ಅಂದರೆ ಆವತ್ತು ನಾಯಿಯನ್ನು ದೂರದ ಕೋಣೆಯಲ್ಲಿ ಬಿಟ್ಟು ಫ್ಯಾನ್ ಹಾಕಿ, ರೇಡಿಯೋ ಹಾಕಿ. ಜುಲೈ 4ರ ಪಟಾಕಿ, ದೀಪಾವಳಿಯ ಪಟಾಕಿ ಎರಡನ್ನೂ ನೋಡಿಕೊಂಡು ಇಂಜೆಕ್ಷನ್ ದಿನ ಗೊತ್ತುಮಾಡಿ. ಹೆಚ್ಚಿನವರಿಗೆ ಇದು ಹೊಳೆಯುವುದೇ ಇಲ್ಲ.

ಕಾಲಿಗೆ ಕೆಲಸ ಇಲ್ಲದಿದ್ದರೆ ಮೂಗಿಗೆ ಕೊಡಿ. ಊಟವನ್ನು ಬಟ್ಟಲಿಗೆ ಹಾಕುವ ಬದಲು ಹಳೇ ಟವೆಲ್ ಒಳಗೆ ಸುತ್ತಿ ಕೊಡಿ, ಹುಡುಕಿ ತಿನ್ನಲಿ. ಒಳಗೆ ತುಂಬಿಸುವ ರಬ್ಬರ್ ಆಟಿಕೆಯನ್ನು ತುಂಬಿ ಫ್ರೀಜರ್‌ನಲ್ಲಿಟ್ಟರೆ ಅರ್ಧ ಗಂಟೆ ನೆಕ್ಕುತ್ತದೆ. ಕೂತು ಕಲಿಯುವ ಪಾಠಗಳನ್ನು ಈಗಲೇ ಕಲಿಸಿ. ಕೆಲವು ನಾಯಿಗಳಿಗೆ ಇಷ್ಟೆಲ್ಲ ಮಾಡಿದರೂ ಸಾಲದು. ಕ್ರೇಟ್‌ನಲ್ಲಿ ಬೊಗಳಿ, ಕೆರೆದು, ಸುತ್ತಿ ಸುತ್ತಿ ಏದುಸಿರು ಬಿಡುತ್ತದೆ ಅಂದರೆ ಅದೂ ವಿಶ್ರಾಂತಿ ಅಲ್ಲ. ಟ್ರಾಜೊಡೋನ್, ಗ್ಯಾಬಪೆಂಟಿನ್ ತರಹದ ಶಾಂತ ಮಾಡುವ ಔಷಧಿ ವೆಟ್ ಬರೆದುಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ಇಂಜೆಕ್ಷನ್ ಆದ ಮೇಲೆ ಯಾವುದು ಮಾಮೂಲು, ಯಾವುದಕ್ಕೆ ಓಡಬೇಕು?

ಮೊದಲ ಎರಡು ಮೂರು ದಿನದ ಮಂಕು, ಬೆನ್ನು ನೋವು ಮಾಮೂಲು. ಒಂದು ವಾರ ಆಯಿತು, ಚೆನ್ನಾಗಿದೆ ಅಂತ ಎಲ್ಲರೂ ಹಗ್ಗ ಸಡಿಲ ಬಿಡುತ್ತಾರೆ. ಹುಳದ ತುಂಡುಗಳಿಂದ ತೊಂದರೆ ಆಗುವುದು ಹೆಚ್ಚಾಗಿ ಆಗಲೇ, ಒಂದು ವಾರದಿಂದ ನಾಲ್ಕು ವಾರದ ನಡುವೆ.

ಹೊಸದಾಗಿ ಕೆಮ್ಮು, ಕೆಮ್ಮಿನಲ್ಲಿ ರಕ್ತ, ಜ್ವರ, ಊಟ ಬಿಡುವುದು, ಒಸಡು ಬಿಳುಚುವುದು, ಕುಸಿದು ಬೀಳುವುದು, ಉಸಿರಾಡಲು ಕಷ್ಟ. ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ. ನಾಯಿ ನಿದ್ದೆ ಮಾಡುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಅಂತ ದಿನಾ ಎಣಿಸಿ ಬರೆದಿಡಿ. 30ರೊಳಗೆ ಇರಬೇಕು. ನಿದ್ದೆಯಲ್ಲೂ ಅದನ್ನು ದಾಟುತ್ತಲೇ ಇದ್ದರೆ ಫೋನ್ ಮಾಡಿ.

ಪ್ರೆಡ್ನಿಸೋನ್ ಶುರುವಾದಾಗಿಂದ ಮನೆಯೆಲ್ಲ ಉಚ್ಚೆ. ನಿಲ್ಲಿಸಲಾ?

ಒಮ್ಮೆಲೇ ನಿಲ್ಲಿಸಬೇಡಿ, ಇದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಬಾಯಾರಿಕೆ, ಉಚ್ಚೆ, ಹಸಿವು ಮೂರೂ ಜಾಸ್ತಿಯಾಗುತ್ತವೆ. ಕಲಿತ ನಾಯಿಯೂ ಒಳಗೇ ಮಾಡಿಬಿಡುತ್ತದೆ. ಬೈಯಬೇಡಿ. ರಾತ್ರಿ ಒಂದು ಸಲ ಎದ್ದು ಹೊರಗೆ ಕರೆದುಕೊಂಡು ಹೋಗಿ. ನೀರು ಮಾತ್ರ ಕಡಿಮೆ ಮಾಡಬೇಡಿ.

ಡಿಸೆಂಬರ್‌ಗೆ ಊರಿಗೆ ಟಿಕೆಟ್ ಆಗಿದೆ. ಏನು ಮಾಡೋದು?

ಇಂಜೆಕ್ಷನ್ ಆದ ತಿಂಗಳಲ್ಲಿ ಬಿಟ್ಟು ಹೋಗಬೇಡಿ. ಹತ್ತಾರು ನಾಯಿ ಬೊಗಳುವ ಬೋರ್ಡಿಂಗ್ ಈ ನಾಯಿಗೆ ಸರಿಯಾದ ಜಾಗ ಅಲ್ಲ. ಟಿಕೆಟ್ ಬದಲಾಗಲ್ಲ ಅಂದರೆ ಇಂಜೆಕ್ಷನ್ ದಿನವನ್ನು ಮುಂದೆ ಹಾಕಬಹುದಾ ಅಂತ ವೆಟ್‌ಗೆ ಈಗಲೇ ಕೇಳಿ. ತಡೆ ಔಷಧಿ ತಪ್ಪದಿದ್ದರೆ, ಓಟ ಇಲ್ಲದಿದ್ದರೆ ಕೆಲವು ವಾರ ಹೊಂದಿಸಿಕೊಳ್ಳಲು ಸಾಧ್ಯವಾಗುವುದುಂಟು.

## ಮುಂದಿನ ವಿಚಾರ, ಊರಿನ ವಿಚಾರ

ಗುಣವಾಯ್ತು ಅಂತ ಯಾವಾಗ ಹೇಳ್ತಾರೆ?

ಕೊನೆಯ ಇಂಜೆಕ್ಷನ್ ಆಗಿ ಒಂದು ತಿಂಗಳಿಗೆ ರಕ್ತದಲ್ಲಿ ಮರಿಗಳಿವೆಯಾ ನೋಡುತ್ತಾರೆ. ಮುಖ್ಯ ಟೆಸ್ಟ್ ಒಂಬತ್ತು ತಿಂಗಳಿಗೆ. ಅದಕ್ಕಿಂತ ಮೊದಲು ಮಾಡಿದರೆ ಸತ್ತ ಹುಳದ ಉಳಿಕೆಯಿಂದಲೇ ಪಾಸಿಟಿವ್ ಬಂದು ನಿಮ್ಮ ನಿದ್ದೆ ಕೆಡುತ್ತದೆ. ಒಂಬತ್ತು ತಿಂಗಳಿಗೂ ಪಾಸಿಟಿವ್ ಇದ್ದರೆ ಕೆಲವು ಹುಳ ಉಳಿದಿವೆ ಅಂತ. ಮತ್ತೆ ಚಿಕಿತ್ಸೆ ಬೇಕಾ ಅಂತ ಆಗ ಯೋಚಿಸುತ್ತಾರೆ.

ನಾವು ಪ್ರತಿ ತಿಂಗಳು ನೆಕ್ಸ್‌ಗಾರ್ಡ್ ಕೊಡ್ತೀವಲ್ಲ, ಅದು ಸಾಕಲ್ವಾ?

ಸಾದಾ ನೆಕ್ಸ್‌ಗಾರ್ಡ್, ಸಾದಾ ಬ್ರವೆಕ್ಟೋ ಚಿಗಟ, ಉಣ್ಣೆಗೆ ಮಾತ್ರ. ಹಾರ್ಟ್‌ವರ್ಮ್ ತಡೆಯಲು ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್, ಸೆಲಮೆಕ್ಟಿನ್ ಇವುಗಳಲ್ಲಿ ಒಂದು ಇರಬೇಕು. ಹಾರ್ಟ್‌ಗಾರ್ಡ್, ಸಿಂಪಾರಿಕಾ ಟ್ರಿಯೋ, ನೆಕ್ಸ್‌ಗಾರ್ಡ್ ಪ್ಲಸ್‌ನಲ್ಲಿ ಇದೆ. ಡಬ್ಬಿಯ ಮುಂದೆ ಬರೆದದ್ದು ಬಿಡಿ, ಹಿಂದೆ ಬರೆದ ಔಷಧಿಯ ಹೆಸರು ಓದಿ.

ತಿಂಗಳ ಮಾತ್ರೆ ಕೆಲಸ ಮಾಡುವುದು ಹಿಂದಕ್ಕೆ. ಕಳೆದ ತಿಂಗಳು ಸೊಳ್ಳೆ ಬಿಟ್ಟುಹೋದ ಎಳೇ ಮರಿಗಳನ್ನು ಇವತ್ತು ಕೊಲ್ಲುತ್ತದೆ. ಎರಡು ತಿಂಗಳು ಬಿಟ್ಟರೆ ಕೆಲವು ಅದರ ಕೈಗೆ ಸಿಗದಷ್ಟು ಬೆಳೆದಿರುತ್ತವೆ. ಆದ್ದರಿಂದ ಚಳಿಗಾಲದಲ್ಲೂ ನಿಲ್ಲಿಸಬೇಡಿ. ಒಮ್ಮೆ ಗುಣವಾದ ನಾಯಿಗೆ ಮತ್ತೆ ಬರದು ಅನ್ನುವುದೇನಿಲ್ಲ.

ಐವರ್‌ಮೆಕ್ಟಿನ್ ಬಂದದ್ದು ಜಪಾನಿನ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ. ಆ ಕೆಲಸಕ್ಕೆ ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅಂಗಡಿಯಲ್ಲಿ ಸಿಗುವ, ದನಕ್ಕೆ ಕೊಡುವ ಐವರ್‌ಮೆಕ್ಟಿನ್ ತಂದು ಅಳತೆ ಮಾಡಿ ಕೊಡುತ್ತೇವೆ ಅನ್ನುವವರು ಇಲ್ಲೂ ಇದ್ದಾರೆ, ಊರಲ್ಲೂ ಇದ್ದಾರೆ. ನಾಯಿಗೆ ಬೇಕಾದ್ದು ಅತಿ ಸಣ್ಣ ಪ್ರಮಾಣ. ಕಾಲಿ (Collie) ಜಾತಿಯ ನಾಯಿಗಳಲ್ಲಿ ಕೆಲವಕ್ಕೆ ಡೋಸ್ ಜಾಸ್ತಿಯಾದರೆ ಮೆದುಳಿಗೇ ಪೆಟ್ಟು. ಆ ಸಾಹಸ ಬೇಡ.

ಬೆಂಗಳೂರಲ್ಲಿ ಅಕ್ಕ ಬೀದಿನಾಯಿ ಮರಿ ಸಾಕಿದ್ದಾಳೆ. ರಕ್ತದಲ್ಲಿ ಮೈಕ್ರೋಫಿಲೇರಿಯಾ ಅಂದ್ರಂತೆ. ಇದೇ ಕಾಯಿಲೆನಾ?

ಅಷ್ಟಕ್ಕೇ ಹಾರ್ಟ್‌ವರ್ಮ್ ಅಂತ ಹೇಳಲು ಆಗುವುದಿಲ್ಲ. ಭಾರತದಲ್ಲಿ ಹೃದಯದ ಹುಳ, ಅಂದರೆ ಡೈರೊಫಿಲೇರಿಯಾ ಇಮಿಟಿಸ್, ಹೆಚ್ಚಾಗಿ ವರದಿಯಾಗಿರುವುದು ಅಸ್ಸಾಂ, ಮಿಜೋರಾಂ ಕಡೆ, ಈಶಾನ್ಯದಲ್ಲಿ. ಕೇರಳ, ಕರ್ನಾಟಕದ ಕಡೆ ನಾಯಿಗಳಲ್ಲಿ ಹೆಚ್ಚಾಗಿ ಸಿಗುವುದು ಅದರ ದಾಯಾದಿ, ಡೈರೊಫಿಲೇರಿಯಾ ರೆಪೆನ್ಸ್. ಅದೂ ಸೊಳ್ಳೆಯಿಂದಲೇ ಬರುತ್ತದೆ, ಆದರೆ ಚರ್ಮದ ಕೆಳಗೆ ಇರುತ್ತದೆ. ಹೃದಯಕ್ಕೆ ಹೋಗುವುದಿಲ್ಲ. ಗಂಟು, ತುರಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಚಿಗಟದಿಂದ ಬರುವ ಇನ್ನೊಂದು ಹುಳದ ಮರಿಗಳೂ ರಕ್ತದಲ್ಲಿ ಹೀಗೇ ಕಾಣುತ್ತವೆ. ಅಕ್ಕನಿಗೆ ಹೇಳಿ, ಹಾರ್ಟ್‌ವರ್ಮ್ ಆಂಟಿಜೆನ್ ಟೆಸ್ಟ್ ಮಾಡಿಸಲಿ. ಅದು ನೆಗೆಟಿವ್ ಬಂದು ಮರಿಗಳಿದ್ದರೆ ಬೇರೆ ಜಾತಿಯ ಹುಳ ಇರುವ ಸಾಧ್ಯತೆ ಜಾಸ್ತಿ. ಮಂಗಳೂರು, ಕೇರಳದ ಕಡೆ ಮನುಷ್ಯರ ಕಣ್ಣಿನಿಂದ ಹುಳ ತೆಗೆದರು ಅಂತ ಆಗಾಗ ಓದುತ್ತೀರಲ್ಲ, ಅಲ್ಲಿ ಹಲವು ಸಲ ಸಿಕ್ಕಿರುವುದು ಈ ರೆಪೆನ್ಸ್. ಹಾಗಾಗಿ ಚಿಕಿತ್ಸೆ ಮಾಡಿಸುವುದು ಒಳ್ಳೆಯದೇ. ಅದಕ್ಕೆ ಮೆಲಾರ್ಸೊಮಿನ್ ಇಂಜೆಕ್ಷನ್‌ಗಳ ಈ ಉದ್ದ ಕ್ರಮ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಎಲ್ಲ ಮುಗೀತು, ವಿಶ್ರಾಂತಿಯೂ ಮುಗೀತು. ನಾಳೆಯಿಂದ ಪಾರ್ಕಿಗೆ ಬಿಡಬಹುದಾ?

ನಾಳೆಯಿಂದಲೇ ಬೇಡ. ತಿಂಗಳುಗಟ್ಟಲೆ ಕೂತ ನಾಯಿಯ ಸ್ನಾಯು ಸೊರಗಿರುತ್ತದೆ, ಪ್ರೆಡ್ನಿಸೋನ್‌ನಿಂದ ತೂಕವೂ ಬಂದಿರುತ್ತದೆ. ಮೊದಲು ಹಗ್ಗ ಹಿಡಿದು ಹತ್ತು ನಿಮಿಷ ನಡೆಸಿ. ವಾರ ವಾರಕ್ಕೆ ಸ್ವಲ್ಪ ಜಾಸ್ತಿ ಮಾಡಿ. ಕೆಮ್ಮಿದರೆ, ಅರ್ಧದಲ್ಲಿ ಕೂತುಬಿಟ್ಟರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಸಿ, ವೆಟ್‌ಗೆ ತಿಳಿಸಿ. ಶುರುವಿನಲ್ಲೇ ಹಿಡಿದ ನಾಯಿಗಳು ಸಾಮಾನ್ಯವಾಗಿ ಪೂರ್ತಿ ಓಟಕ್ಕೆ ಮರಳುತ್ತವೆ. ಮೂರನೇ ಹಂತ ದಾಟಿ ಬಂದ ನಾಯಿಗೆ ನಾಳಗಳಲ್ಲಿ ಕಲೆ ಉಳಿದಿರುತ್ತದೆ. ಅದು ಸೆಖೆಯಲ್ಲಿ, ಏರು ದಾರಿಯಲ್ಲಿ ಬೇಗ ಸೋಲಬಹುದು. ಟೆಕ್ಸಾಸ್‌ನ ಆಗಸ್ಟ್ ಮಧ್ಯಾಹ್ನದಲ್ಲಂತೂ ಅದನ್ನು ಹೊರಗೆ ಕರೆದುಕೊಂಡು ಹೋಗಬೇಡಿ, ಬೆಳಗಿನ ಆರು ಗಂಟೆಗೇ ನಡಿಗೆ ಮುಗಿಸಿ.